ಬಾಗಿದ ಕಡ್ಡಿ, ಉಬ್ಬಿದ ಇಂಧನ: ಮೊದಲ ಫಾಸ್ಟ್ ರಿಯಾಕ್ಟರುಗಳನ್ನು ಕಾಡಿದ ಮಿಲಿಮೀಟರುಗಳು

ಫಾಸ್ಟ್ ರಿಯಾಕ್ಟರ್ ಎಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಪ್ಲುಟೋನಿಯಂ, ಇಲ್ಲವೇ ನೀರು ತಾಗಿದರೆ ಹತ್ತಿಕೊಂಡು ಉರಿಯುವ ಸೋಡಿಯಂ. ಎರಡೂ ದೊಡ್ಡ ವಿಷಯಗಳೇ. ಆದರೆ 1950 ಮತ್ತು 60ರ ದಶಕಗಳಲ್ಲಿ ಈ ಯಂತ್ರಗಳನ್ನು ಕಟ್ಟಿದವರ ನಿದ್ದೆ ಕೆಡಿಸಿದ್ದು ನೋಡಲು ತುಂಬ ಚಿಕ್ಕದಾದ ಒಂದು ಪ್ರಶ್ನೆ: ಇಂಧನಕ್ಕೆ ಎಷ್ಟು ಜಾಗ ಕೊಡಬೇಕು? ಒಂದು ರಿಯಾಕ್ಟರಿನಲ್ಲಿ ಇಂಧನದ ಕಡ್ಡಿಗಳು ಅಲುಗಾಡಲು ಜಾಗ ಇತ್ತು, ಇಂಧನವಿರುವ ನಡುಭಾಗ, ಅಂದರೆ ಕೋರ್, ಕರಗಿತು. ಇನ್ನೊಂದರಲ್ಲಿ ಇಂಧನ ಉಬ್ಬಲು ಜಾಗ ಇರಲಿಲ್ಲ, ಅದರ ವರ್ಷಗಳ ಆಯಸ್ಸು ತಿಂಗಳಿಗೆ ಇಳಿಯಿತು. ಈ ಎರಡು ತೊಡಕುಗಳು ಗೊತ್ತಾದರೆ ಫಾಸ್ಟ್ ರಿಯಾಕ್ಟರಿನ ಅರ್ಧ ಕಥೆ ಗೊತ್ತಾದಂತೆ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ಕೈಗಾದಂಥ ಸ್ಥಾವರದಲ್ಲಿ ಯುರೇನಿಯಂ ಒಡೆದಾಗ ಚಿಮ್ಮುವ ನ್ಯೂಟ್ರಾನುಗಳನ್ನು ಭಾರಜಲ ನಿಧಾನ ಮಾಡುತ್ತದೆ. ನಿಧಾನವಾದ ನ್ಯೂಟ್ರಾನ್ ಮುಂದಿನ ಯುರೇನಿಯಂ ಪರಮಾಣುವನ್ನು ಸುಲಭವಾಗಿ ಒಡೆಯುತ್ತದೆ. ಹಾಗಾಗಿ ಗಣಿಯಿಂದ ಬಂದ ಯುರೇನಿಯಮ್ಮೇ ಸಾಕು. ಅದರಲ್ಲಿ ಒಡೆಯಬಲ್ಲ ಯುರೇನಿಯಂ-235 ಇರುವುದು ಶೇ 0.7 ಮಾತ್ರ. ಫಾಸ್ಟ್ ರಿಯಾಕ್ಟರಿನಲ್ಲಿ ನ್ಯೂಟ್ರಾನನ್ನು ಬೇಕೆಂದೇ ನಿಧಾನ ಮಾಡುವುದಿಲ್ಲ. ವೇಗದ ನ್ಯೂಟ್ರಾನ್ ಒಂದು ಪರಮಾಣುವನ್ನು ಒಡೆದಾಗ ಹೊಸ ನ್ಯೂಟ್ರಾನುಗಳು ಹೆಚ್ಚು ಸಿಗುತ್ತವೆ. ಸರಪಳಿ ಮುಂದುವರಿಸಲು ಬೇಕಾದಷ್ಟನ್ನು ಬಿಟ್ಟು ಉಳಿದವು ಸುತ್ತಲಿನ ಯುರೇನಿಯಂ-238ಕ್ಕೆ ತಾಗಿ ಅದನ್ನು ಪ್ಲುಟೋನಿಯಂ ಮಾಡುತ್ತವೆ. ಸುಟ್ಟದ್ದಕ್ಕಿಂತ ಹೆಚ್ಚು ಇಂಧನ ಹುಟ್ಟುವ ಆಸೆ ಇರುವುದು ಇಲ್ಲಿಯೇ. ಬ್ರೀಡರ್ ಎನ್ನುವುದು ಇದಕ್ಕೇ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವೇಗದ ನ್ಯೂಟ್ರಾನ್ ಸುಲಭವಾಗಿ ಸಿಕ್ಕಿಬೀಳುವುದಿಲ್ಲ, ಹೊರಗೆ ಸೋರಿಹೋಗುತ್ತದೆ. ಹಾಗಾಗಿ ಇಂಧನದಲ್ಲಿ ಒಡೆಯಬಲ್ಲ ಪರಮಾಣುಗಳ ಪಾಲು ಹೆಚ್ಚಿರಬೇಕು, ಅದನ್ನು ಒತ್ತೊತ್ತಾಗಿ ಜೋಡಿಸಿರಬೇಕು. ಸಣ್ಣ ಜಾಗದಲ್ಲಿ ವಿಪರೀತ ಶಾಖ ಹುಟ್ಟುತ್ತದೆ. ಅದನ್ನು ತೆಗೆಯಲು ನೀರು ಹಾಯಿಸುವಂತಿಲ್ಲ, ಯಾಕೆಂದರೆ ನೀರೇ ನ್ಯೂಟ್ರಾನನ್ನು ನಿಧಾನ ಮಾಡಿಬಿಡುತ್ತದೆ. ಉಳಿದದ್ದು ದ್ರವ ಲೋಹ: ಪಾದರಸ, ಸೋಡಿಯಂ, ಅಥವಾ ಸೋಡಿಯಂ ಮತ್ತು ಪೊಟ್ಯಾಸಿಯಂ ಬೆರೆಸಿದ, ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರುವ ನಾಕ್.

ಪಾದರಸದ ಪ್ರಯತ್ನ ಬೇಗ ಮುಗಿಯಿತು. 1946ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಶುರುವಾದ ಕ್ಲೆಮೆಂಟೈನ್ ಜಗತ್ತಿನ ಮೊದಲ ಫಾಸ್ಟ್ ರಿಯಾಕ್ಟರ್. ಸಾಮರ್ಥ್ಯ ಬರೀ 25 ಕಿಲೋವ್ಯಾಟ್. ಪ್ಲುಟೋನಿಯಂ ಕಡ್ಡಿಯೊಂದರ ಕವಚ ಒಡೆದು ಪ್ಲುಟೋನಿಯಂ ಪಾದರಸಕ್ಕೆ ಸೇರಿಕೊಂಡಿತು. 1950ರ ದಶಕದ ಆರಂಭದಲ್ಲೇ ಅದನ್ನು ಮುಚ್ಚಿದರು.

ಈಗ ಸ್ಥಿರತೆಯ ವಿಷಯಕ್ಕೆ ಬರೋಣ. ರಿಯಾಕ್ಟರ್ ಸ್ಥಿರವಾಗಿದೆ ಎಂದರೆ ಏನು? ಯಾವುದೋ ಕಾರಣಕ್ಕೆ ಶಕ್ತಿ ಸ್ವಲ್ಪ ಏರಿತು ಎಂದುಕೊಳ್ಳಿ. ಆ ಏರಿಕೆಯಿಂದ ಬಿಸಿ ಹೆಚ್ಚಾಗುತ್ತದೆ. ಬಿಸಿಯಿಂದ ಒಳಗಿನ ವಸ್ತುಗಳು ಹಿಗ್ಗುತ್ತವೆ, ಬಾಗುತ್ತವೆ, ತೆಳುವಾಗುತ್ತವೆ. ಈ ಬದಲಾವಣೆಗಳೆಲ್ಲ ಸೇರಿ ಶಕ್ತಿಯನ್ನು ಕೆಳಗೆ ಎಳೆದರೆ ರಿಯಾಕ್ಟರ್ ಸ್ಥಿರ. ಇನ್ನಷ್ಟು ಮೇಲೆ ತಳ್ಳಿದರೆ ಅಸ್ಥಿರ. ಮನುಷ್ಯನ ಕೈ, ಸರಪಳಿಯನ್ನು ಹಿಡಿತದಲ್ಲಿಡುವ ಕಂಟ್ರೋಲ್ ರಾಡು ಎಲ್ಲ ಆಮೇಲಿನ ಮಾತು. ಮೊದಲು ಯಂತ್ರದ ಸ್ವಭಾವ ಒಳ್ಳೆಯದಿರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಫಾಸ್ಟ್ ರಿಯಾಕ್ಟರಿನಲ್ಲಿ ಒಂದು ನ್ಯೂಟ್ರಾನ್ ಹುಟ್ಟಿ ಮುಗಿಯುವ ಅವಧಿ ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು. ಇಷ್ಟು ಚುರುಕಿನದನ್ನು ಹಿಡಿತದಲ್ಲಿಡುವುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯ. ಎಲ್ಲ ನ್ಯೂಟ್ರಾನುಗಳೂ ತಕ್ಷಣ ಹುಟ್ಟುವುದಿಲ್ಲ, ಕೆಲವು ಸೆಕೆಂಡುಗಟ್ಟಲೆ ತಡವಾಗಿ ಬರುತ್ತವೆ. ಯುರೇನಿಯಂ-235ರಲ್ಲಿ ಇವುಗಳ ಪಾಲು ಶೇ 0.65, ಪ್ಲುಟೋನಿಯಂ-239ರಲ್ಲಿ ಶೇ 0.2ರ ಆಸುಪಾಸು. ಈ ತಡವಾದ ನ್ಯೂಟ್ರಾನುಗಳ ನೆರವಿಲ್ಲದೆ ಸರಪಳಿ ಮುಂದುವರಿಯದಂತೆ ನೋಡಿಕೊಂಡರೆ, ಶಕ್ತಿ ಏರಿಳಿಯುವ ವೇಗವನ್ನು ಅವೇ ನಿರ್ಧರಿಸುತ್ತವೆ. ಕೈಗಾದಲ್ಲೂ ಇದೇ ಆಧಾರ. ಫಾಸ್ಟ್ ರಿಯಾಕ್ಟರಿನ ನಿಜವಾದ ತೊಡಕು ಬೇರೆ. ಕೋರ್ ಚಿಕ್ಕದು, ಸೋರಿಕೆ ಜಾಸ್ತಿ. ಕಡ್ಡಿಗಳು ಕೂದಲೆಳೆಯಷ್ಟು ಹತ್ತಿರ ಬಂದರೂ ಸೋರಿಕೆ ಕಡಿಮೆಯಾಗಿ ಶಕ್ತಿ ಏರುತ್ತದೆ. ಅಷ್ಟೇ ದೂರ ಸರಿದರೆ ಇಳಿಯುತ್ತದೆ. ಕಡ್ಡಿಗಳ ನಡುವಿನ ಅಂತರವೇ ಇಲ್ಲಿ ಒಂದು ಕಂಟ್ರೋಲ್, ಅದೂ ಯಾರ ಕೈಯಲ್ಲೂ ಇಲ್ಲದ ಕಂಟ್ರೋಲ್.

ಇದು ಗೊತ್ತಾದದ್ದು ಅಮೆರಿಕದ ಇಡಾಹೋ ರಾಜ್ಯದ ಬಯಲಿನಲ್ಲಿ, ಆರ್ಕೋ ಎಂಬ ಊರಿನ ಹತ್ತಿರ. ಆರ್ಗಾನ್ ಪ್ರಯೋಗಾಲಯದ ವಾಲ್ಟರ್ ಜಿನ್ ತಂಡ ಅಲ್ಲಿ ಇಬಿಆರ್-1 ಎಂಬ ಪ್ರಯೋಗದ ರಿಯಾಕ್ಟರ್ ಕಟ್ಟಿತ್ತು. 1951ರ ಡಿಸೆಂಬರ್ 20ರಂದು ಅದರ ವಿದ್ಯುತ್ತಿನಿಂದ ನಾಲ್ಕು ಬಲ್ಬು ಉರಿದವು. ಅಣುಶಕ್ತಿಯಿಂದ ಬೆಳಗಿದ ಮೊದಲ ಬಲ್ಬುಗಳು ಎಂದು ಅವು ಪ್ರಸಿದ್ಧ. ಅದರ ಕೋರ್ ಎತ್ತರದಲ್ಲೂ ಅಗಲದಲ್ಲೂ ಸುಮಾರು 20 ಸೆಂಟಿಮೀಟರ್ ಅಷ್ಟೇ. ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಲ್ಲಿ ತುಂಬಿದ, ಯುರೇನಿಯಂ-235ರ ಪಾಲು ಹೆಚ್ಚಿಸಿದ (ಸಂವರ್ಧಿತ) ಯುರೇನಿಯಂ ಲೋಹದ ಕಡ್ಡಿಗಳು. ಅವುಗಳ ನಡುವೆ ಹರಿಯುವ ನಾಕ್. 1953ರಲ್ಲಿ ಈ ಪುಟ್ಟ ಯಂತ್ರ ಸುಟ್ಟಷ್ಟೇ ಇಂಧನವನ್ನು ಹುಟ್ಟಿಸುತ್ತದೆ ಎಂದು ಅಳೆದು ತೋರಿಸಿದರು. ಬ್ರೀಡಿಂಗ್ ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ ಎಂದು ಸಾಬೀತಾಯಿತು.

ಆದರೆ ಒಂದು ವಿಚಿತ್ರ ಕಾಣಿಸುತ್ತಿತ್ತು. ನಾಕ್ ಹರಿಯುವ ವೇಗವನ್ನು ಕಡಿಮೆ ಮಾಡಿದಾಗ ರಿಯಾಕ್ಟರಿನ ಶಕ್ತಿ ಒಂದೇ ಮಟ್ಟದಲ್ಲಿ ನಿಲ್ಲದೆ ಮೇಲೆ ಕೆಳಗೆ ತೂಗಾಡುತ್ತಿತ್ತು. ಎರಡನೆಯ ಕೋರ್ ಹಾಕಿದ ಮೇಲೆ, ಅಂದರೆ ಮಾರ್ಕ್-2ರಲ್ಲಿ, ಇದನ್ನು ಗಮನವಿಟ್ಟು ಅಳೆಯಲು ಶುರುಮಾಡಿದರು. ಒಳಗೆ ಎರಡು ಪ್ರಭಾವಗಳು ಇವೆ ಎಂದು ತಿಳಿಯಿತು. ಶಕ್ತಿ ಏರಿದ ಕೂಡಲೇ ಅದನ್ನು ಇನ್ನಷ್ಟು ಮೇಲೆ ತಳ್ಳುವ ಸಣ್ಣದೊಂದು ಪ್ರಭಾವ. ಸ್ವಲ್ಪ ಹೊತ್ತಾದ ಮೇಲೆ ಬಂದು ಕೆಳಗೆ ಎಳೆಯುವ ದೊಡ್ಡದೊಂದು ಪ್ರಭಾವ. ಕೊನೆಗೆ ಗೆಲ್ಲುವುದು ಎಳೆಯುವುದೇ, ಆದರೆ ಅದು ಬರುವುದು ತಡ. ಬಿಸಿಯಾದ ನಾಕ್ ಹರಿದು ಹೋಗಿ ಕಡ್ಡಿಗಳನ್ನು ಹಿಡಿದ ದಪ್ಪ ಲೋಹದ ತಟ್ಟೆಗಳನ್ನು ಕಾಯಿಸಬೇಕು. ಅವು ಹಿಗ್ಗಿ ಕಡ್ಡಿಗಳನ್ನು ದೂರ ಸರಿಸಬೇಕು. ನಾಕ್ ನಿಧಾನವಾಗಿ ಹರಿದರೆ ಈ ಎಳೆತ ಇನ್ನೂ ತಡ. ತಳ್ಳುವುದು ಈಗ, ಎಳೆಯುವುದು ಆಮೇಲೆ ಎಂದಾದರೆ ತೂಗಾಟ ಆಗಲೇಬೇಕು ಅಲ್ವಾ?

ತಕ್ಷಣ ತಳ್ಳುವ ಆ ಪ್ರಭಾವ ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ದಾರಿ: ನಾಕ್ ಹರಿವನ್ನು ಪೂರ್ತಿ ನಿಲ್ಲಿಸಿ, ಎಳೆಯುವ ಪ್ರಭಾವ ಬರುವ ಮೊದಲೇ ಅಳೆದುಬಿಡುವುದು. 1955ರ ನವೆಂಬರ್ 29ರಂದು ಅದನ್ನೇ ಮಾಡಿದರು. ಹರಿವು ನಿಂತರೆ ರಿಯಾಕ್ಟರನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆಯನ್ನು ಪರೀಕ್ಷೆಗೋಸ್ಕರ ಬದಿಗಿಟ್ಟಿದ್ದರು. ಮಾರ್ಕ್-2 ಕೋರ್ ಹೇಗೂ ತೆಗೆಯುವ ಹಂತಕ್ಕೆ ಬಂದಿತ್ತು. ಶಕ್ತಿ ಏರತೊಡಗಿತು. ಏರುವ ವೇಗವೂ ಏರತೊಡಗಿತು. ನಿಲ್ಲಿಸಲು ಹೇಳಿದಾಗ ಆಪರೇಟರ್ ಒತ್ತಿದ್ದು ಮೋಟರಿನಿಂದ ನಿಧಾನವಾಗಿ ಚಲಿಸುವ ಕಂಟ್ರೋಲ್ ರಾಡುಗಳ ಬಟನ್. ತಕ್ಷಣ ನಿಲ್ಲಿಸುವ ತುರ್ತು ಬಟನ್ ಒತ್ತುವಷ್ಟರಲ್ಲಿ ಎರಡು ಸೆಕೆಂಡಿನ ಆಸುಪಾಸು ಕಳೆದಿತ್ತು. ಅಷ್ಟರಲ್ಲಿ ಕೋರ್‌ನ ಅರ್ಧಕ್ಕೆ ಹತ್ತಿರದಷ್ಟು ಭಾಗ ಕರಗಿತ್ತು.

ಯಾರಿಗೂ ಗಾಯವಾಗಲಿಲ್ಲ. ಆಮೇಲೆ ಕರಗಿದ ಕೋರನ್ನು ದೂರದಿಂದಲೇ ಬಿಡಿಸಿ ನೋಡಿದರು. ಯುರೇನಿಯಂ ಮತ್ತು ಸ್ಟೀಲಿನ ಕಬ್ಬಿಣ ಒಂದಕ್ಕೊಂದು ತಾಗಿದಲ್ಲಿ ಸುಮಾರು 725 ಡಿಗ್ರಿಗೇ ಕರಗುವ ಮಿಶ್ರಣ ಆಗುತ್ತದೆ. ಯುರೇನಿಯಂ ಒಂದೇ ಇದ್ದರೆ 1,100 ಡಿಗ್ರಿ ದಾಟಬೇಕು. ಬಿಸಿಗೆ ಆವಿಯಾದ ನಾಕ್ ಕರಗಿದ ಲೋಹವನ್ನು ಹೊರಕ್ಕೆ ತಳ್ಳಿ ಸ್ಪಂಜಿನಂತೆ ಮಾಡಿತ್ತು. ಈ ಹೊರಕ್ಕೆ ತಳ್ಳಿದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಇಂಧನ ಚದುರಿದರೆ ಸರಪಳಿ ತಾನಾಗಿ ಸಾಯುತ್ತದೆ.

ಹಾಗಾದರೆ ತಕ್ಷಣ ತಳ್ಳುತ್ತಿದ್ದದ್ದು ಏನು? ಕೋರ್‌ನ ನಡುವೆ ಶಾಖ ಹೆಚ್ಚು, ಅಂಚಿನಲ್ಲಿ ಕಡಿಮೆ. ಹಾಗಾಗಿ ಪ್ರತಿ ಕಡ್ಡಿಯಲ್ಲೂ ನಡುವಿನ ಕಡೆಗಿರುವ ಮುಖ ಹೊರಮುಖಕ್ಕಿಂತ ಬಿಸಿ. ಬಿಸಿ ಮುಖ ಹೆಚ್ಚು ಉದ್ದವಾಗುತ್ತದೆ. ಎರಡು ತುದಿ ಹಿಡಿದ ಕಡ್ಡಿಯ ಒಂದು ಮುಖ ಉದ್ದವಾದರೆ ಅದು ಆ ಕಡೆಗೇ ಬಾಗುತ್ತದೆ, ಅಂದರೆ ಒಳಗೆ. ಎಲ್ಲ ಕಡ್ಡಿಗಳೂ ಒಟ್ಟಿಗೆ ಒಳಕ್ಕೆ ಬಾಗಿದರೆ ಇಂಧನ ಒತ್ತಾಗುತ್ತದೆ, ಸೋರಿಕೆ ಇಳಿಯುತ್ತದೆ, ಶಕ್ತಿ ಏರುತ್ತದೆ. ಏರಿದ ಶಕ್ತಿಗೆ ಬಿಸಿ ಮತ್ತೂ ಹೆಚ್ಚು, ಬಾಗುವುದು ಮತ್ತೂ ಹೆಚ್ಚು. ಬಾಗಿದ್ದು ಮಿಲಿಮೀಟರಿನ ಚೂರು ಅಷ್ಟೇ. ಈ ಪುಟ್ಟ ಕೋರ್‌ಗೆ ಅಷ್ಟೇ ಸಾಕಾಗಿತ್ತು.

ಊಹೆ ಸರಿಯೋ ಅಲ್ಲವೋ ಎಂದು ನೋಡಲು ಮಾರ್ಕ್-3 ಕೋರ್ ಮಾಡಿದರು. ಇದೇ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಅಪಘಾತ ಆಯಿತು ಎಂದು ಕೈಬಿಡಲಿಲ್ಲ. ಕಾರಣ ಇದೇ ಎಂದು ವಾದಿಸಿ ಸುಮ್ಮನಾಗಲೂ ಇಲ್ಲ. ಪ್ರತಿ ಕಡ್ಡಿಗೂ ಉದ್ದಕ್ಕೆ ಏಣುಗಳನ್ನು ಕೊಟ್ಟು, ಕಡ್ಡಿಗಳು ಒಂದಕ್ಕೊಂದು ಒರಗಿ ನಿಲ್ಲುವಂತೆ ಮಾಡಿ, ಇಡೀ ಕಟ್ಟನ್ನು ಬಿಗಿಯಾಗಿ ಹಿಡಿದರು. 1957ರಿಂದ ಓಡಿದ ಈ ಕೋರ್ ಗಟ್ಟಿಯಾಗಿ ಸ್ಥಿರವಾಗಿತ್ತು. ಹಳೆಯ ತೂಗಾಟ ಹೋಯಿತು. ತೊಂದರೆ ವೇಗದ ನ್ಯೂಟ್ರಾನುಗಳದ್ದಲ್ಲ, ಸಡಿಲವಾಗಿ ನಿಲ್ಲಿಸಿದ ಕಡ್ಡಿಗಳದ್ದು ಎಂದು ಸ್ಪಷ್ಟವಾಯಿತು. ಅಂದಿನಿಂದ ಫಾಸ್ಟ್ ರಿಯಾಕ್ಟರ್ ಕೋರ್ ವಿನ್ಯಾಸ ಮಾಡುವವರು ಬಾಗುವಿಕೆಯ ಲೆಕ್ಕ ಮಾಡದೆ ಮುಂದೆ ಹೋಗುವುದಿಲ್ಲ. ಎಷ್ಟೋ ವಿನ್ಯಾಸಗಳಲ್ಲಿ ಬಿಸಿಯಾದಾಗ ಇಂಧನದ ಕಟ್ಟುಗಳು ಹೊರಕ್ಕೆ ಅರಳುವಂತೆ ಬೇಕೆಂದೇ ಹಿಡಿಕೆಗಳನ್ನು ಇಡುತ್ತಾರೆ. ಒಮ್ಮೆ ಕೋರನ್ನು ಕರಗಿಸಿದ ಅದೇ ಬಾಗುವಿಕೆ ಈಗ ಕಾವಲು ಕಾಯುತ್ತದೆ.

ಎಲ್ಲ ಕರಗುವಿಕೆಗೂ ಅಸ್ಥಿರತೆ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಡೆಟ್ರಾಯ್ಟ್ ಹತ್ತಿರದ ಫರ್ಮಿ-1 ರಿಯಾಕ್ಟರಿನಲ್ಲಿ 1966ರ ಅಕ್ಟೋಬರ್ 5ರಂದು ಎರಡು ಇಂಧನದ ಕಟ್ಟುಗಳು ಕರಗಿದವು. ಕೆಳಗೆ ಹೊದಿಸಿದ್ದ ಜಿರ್ಕೋನಿಯಂ ತಗಡೊಂದು ಕಳಚಿಕೊಂಡು ಸೋಡಿಯಂ ಬರುವ ದಾರಿಗೆ ಅಡ್ಡ ಕೂತಿತ್ತು. ಅದು ಜೋಡಣೆಯ ತಪ್ಪು, ಭೌತಶಾಸ್ತ್ರದ್ದಲ್ಲ. ಆದರೆ ಜನರ ಮನಸ್ಸಿನಲ್ಲಿ ಎರಡೂ ಒಂದೇ ಆಗಿ ಉಳಿದವು.

ಇನ್ನು ಇಂಧನದ ಕಷ್ಟ. ಸ್ಥಿರತೆಯ ಸಮಸ್ಯೆ ಕೆಲವೇ ವರ್ಷಗಳಲ್ಲಿ ಬಗೆಹರಿಯಿತು. ಇಂಧನದ್ದು ದಶಕಗಳ ಕೆಲಸ.

ಯುರೇನಿಯಂ ಪರಮಾಣು ಒಡೆದರೆ ಎರಡು ಚೂರುಗಳಾಗುತ್ತವೆ. ಒಂದರ ಜಾಗದಲ್ಲಿ ಎರಡು. ಅದಕ್ಕೇ ಸ್ವಲ್ಪ ಉಬ್ಬಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ನಾಲ್ಕು ಪರಮಾಣು ಒಡೆದರೆ ಸರಾಸರಿ ಒಂದು ಅನಿಲದ ಪರಮಾಣು ಹುಟ್ಟುತ್ತದೆ: ಕ್ಸೆನಾನ್ ಅಥವಾ ಕ್ರಿಪ್ಟಾನ್. ಇವು ಯಾವುದರ ಜೊತೆಗೂ ಬೆರೆಯುವುದಿಲ್ಲ. ಲೋಹದೊಳಗೆ ಸಣ್ಣ ಗುಳ್ಳೆಗಳಾಗಿ ಕೂಡಿಕೊಳ್ಳುತ್ತವೆ, ಗುಳ್ಳೆ ದೊಡ್ಡದಾಗುತ್ತದೆ, ಲೋಹ ಉಬ್ಬುತ್ತದೆ. ಸುತ್ತಲಿನ ತೆಳು ಸ್ಟೀಲ್ ಕೊಳವೆಯನ್ನು ಒಳಗಿನಿಂದ ಒತ್ತುತ್ತದೆ. ಕೊಳವೆ ಬಿರಿದರೆ ಆ ಕಡ್ಡಿಯ ಕಥೆ ಮುಗಿಯಿತು.

ಮೊದಲಿಗೆ ಇದಕ್ಕೆ ಬಲಪ್ರಯೋಗದ ಉತ್ತರ ಹುಡುಕಿದರು. ಉಬ್ಬದ ಮಿಶ್ರಲೋಹ ಮಾಡೋಣ, ಕೊಳವೆಯಿಂದ ಒತ್ತಿ ಹಿಡಿಯೋಣ ಎಂದು. ಇಡಾಹೋದಲ್ಲೇ 1964ರಿಂದ ಶಕ್ತಿ ಕೊಡಲು ಶುರುಮಾಡಿದ ಇಬಿಆರ್-2ರ ಮೊದಲ ಇಂಧನ ಈ ಯೋಚನೆಯ ಕೂಸು. ಯುರೇನಿಯಂ ಜೊತೆ ಮಾಲಿಬ್ಡಿನಂ, ರುಥೇನಿಯಂ ಮುಂತಾದವು ಶೇ 5ರಷ್ಟು. ಕೊಳವೆಯ ಒಳಜಾಗದ ಶೇ 85ರಷ್ಟನ್ನು ಇಂಧನ ತುಂಬಿತ್ತು. ಫಲಿತಾಂಶ ಬೇಸರದ್ದು. ಪರಮಾಣುಗಳಲ್ಲಿ ಶೇ 1ರ ಸುಮಾರು ಒಡೆಯುವಷ್ಟರಲ್ಲೇ ಅದನ್ನು ಹೊರತೆಗೆಯಬೇಕಾಯಿತು. ಸುಧಾರಿಸಿದ ಮೇಲೂ ಮಿತಿ ಶೇ 2.6. ಲೋಹದ ಇಂಧನ ಮುಂದೆ ಹೋಗುವುದಿಲ್ಲ ಎಂದು ಜಗತ್ತಿನ ಬಹುತೇಕರು ತೀರ್ಮಾನಿಸಿದ್ದು ಆಗಲೇ. ರಷ್ಯಾದ ಒಬ್ನಿನ್ಸ್ಕ್ ಕೇಂದ್ರ, ಫ್ರಾನ್ಸಿನ ರಾಪ್ಸೊಡಿ ರಿಯಾಕ್ಟರ್ ಎಲ್ಲ ಹಿಡಿದದ್ದು ಆಕ್ಸೈಡ್, ಅಂದರೆ ಲೋಹಕ್ಕೆ ಆಮ್ಲಜನಕ ಸೇರಿದ ಇಂಧನದ ದಾರಿ.

ಇಡಾಹೋದವರು ಹಟ ಬಿಡಲಿಲ್ಲ. ಅವರು ಪ್ರಶ್ನೆಯನ್ನೇ ತಿರುಗಿಸಿದರು. ಉಬ್ಬುವುದನ್ನು ತಡೆಯುವ ಬದಲು ಉಬ್ಬಲು ಬಿಟ್ಟರೆ? ರಾತ್ರಿ ಇಡ್ಲಿ ಹಿಟ್ಟು ಮುಚ್ಚಿಡುವಾಗ ಪಾತ್ರೆಯನ್ನು ತುಂಬಿಸದೆ ಮೇಲೆ ಜಾಗ ಬಿಡುತ್ತೇವಲ್ಲ, ಅದೇ ಯೋಚನೆ. ಇಬಿಆರ್-2ರ ಹೊಸ ಕಡ್ಡಿಯಲ್ಲಿ (ಇದರ ಹೆಸರೂ ಮಾರ್ಕ್-2, ಆದರೆ ಇಬಿಆರ್-1ರ ಕರಗಿದ ಕೋರ್ ಬೇರೆ) ಇಂಧನದ ದಪ್ಪ 3.3 ಮಿಲಿಮೀಟರ್, ಕೊಳವೆಯ ಒಳ ಅಗಲ 3.8 ಮಿಲಿಮೀಟರ್. ಸುತ್ತಲೂ ಕಾಲು ಮಿಲಿಮೀಟರ್ ಖಾಲಿ. ಅಂದರೆ ಇಂಧನ ಒಳಜಾಗದ ಶೇ 75ನ್ನು ಮಾತ್ರ ತುಂಬುತ್ತದೆ.

ಶೇ 75 ಯಾಕೆ? ಲೋಹ ಸುಮಾರು ಶೇ 30ರಷ್ಟು ಉಬ್ಬಿದಾಗ ಒಳಗಿನ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಿಡಿ ಬಿಡಿ ಗುಳ್ಳೆಗಳಿದ್ದದ್ದು ಹೊರಗಿನವರೆಗೆ ದಾರಿಗಳಾಗುತ್ತದೆ. ಅನಿಲ ಆ ದಾರಿ ಹಿಡಿದು ಮೇಲಿನ ಖಾಲಿ ಭಾಗಕ್ಕೆ ಹೊರಟುಹೋಗುತ್ತದೆ. ಆಮೇಲೆ ಲೋಹವನ್ನು ಒಳಗಿನಿಂದ ಒತ್ತುವವರು ಯಾರೂ ಇಲ್ಲ. ಅದು ಕೊಳವೆಗೆ ತಾಗಿದರೂ ಮೆತ್ತಗಿನ ಸ್ಪಂಜು, ಜೋರಾಗಿ ತಳ್ಳುವುದಿಲ್ಲ. ಆ ಹಂತ ತಲುಪುವವರೆಗೆ ಜಾಗ ಕೊಟ್ಟರೆ ಸಾಕು. ಮೊದಲ ಇಂಧನ ಆ ಹಂತ ಮುಟ್ಟುವ ಮೊದಲೇ ಗೋಡೆಗೆ ತಾಗುತ್ತಿತ್ತು, ತೊಂದರೆ ಅಷ್ಟೇ.

ಖಾಲಿ ಬಿಟ್ಟರೆ ಶಾಖ ದಾಟುವುದು ಹೇಗೆ ಎಂದು ಕೇಳಬಹುದು. ಆ ಕಾಲು ಮಿಲಿಮೀಟರಿನಲ್ಲಿ ಸೋಡಿಯಂ ತುಂಬಿದರು. ಅದು ಶಾಖವನ್ನು ದಾಟಿಸುತ್ತದೆ, ಇಂಧನ ಉಬ್ಬಿದಂತೆ ತಾನು ಮೇಲಕ್ಕೆ ಸರಿದು ಜಾಗ ಬಿಡುತ್ತದೆ. ಹೀಗೆ ಮಾಡಿದ ಕಡ್ಡಿಗಳು ಶೇ 8ರವರೆಗೆ ಸುಟ್ಟವು. ಮುಂದೆ ಜಿರ್ಕೋನಿಯಂ ಬೆರೆಸಿದ ಇಂಧನದಲ್ಲಿ ಪ್ರಯೋಗದ ಕಡ್ಡಿಗಳು ಶೇ 18ರ ಸುಮಾರಿಗೆ ಹೋದವು. ಜಿರ್ಕೋನಿಯಂ ಇಂಧನ ಕರಗುವ ಉಷ್ಣತೆಯನ್ನು ಏರಿಸುತ್ತದೆ, ಸ್ಟೀಲಿನೊಂದಿಗೆ ಬೆರೆಯುವುದನ್ನು ನಿಧಾನ ಮಾಡುತ್ತದೆ.

ಇಂಧನ ಹೆಚ್ಚು ಕಾಲ ಉಳಿಯತೊಡಗಿದಾಗ ಕೊಳವೆಯ ಸರದಿ ಬಂತು. ಸ್ಕಾಟ್ಲೆಂಡಿನ ಡೌನ್‌ರೇ ಫಾಸ್ಟ್ ರಿಯಾಕ್ಟರಿನಿಂದ ತೆಗೆದ ಸ್ಟೀಲನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳು. 1967ರಲ್ಲಿ ಇದು ಪ್ರಕಟವಾಯಿತು. ವೇಗದ ನ್ಯೂಟ್ರಾನ್ ಬಡಿದಾಗ ಕಬ್ಬಿಣದ ಪರಮಾಣು ತನ್ನ ಜಾಗ ಬಿಟ್ಟು ಹಾರುತ್ತದೆ. ಬಿಟ್ಟುಹೋದ ಖಾಲಿ ಜಾಗಗಳು ಒಂದೆಡೆ ಸೇರಿ ಪೊಳ್ಳಾಗುತ್ತವೆ. ಹಾಗಾಗಿ ಸ್ಟೀಲ್ ಕೂಡ ಉಬ್ಬುತ್ತದೆ. ಕೋರ್‌ನ ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಒಂದೇ ಕಟ್ಟಿನ ಒಂದು ಪಕ್ಕ ಹೆಚ್ಚು ಉಬ್ಬಿದರೆ ಅದು ಬಾಗುತ್ತದೆ, ಈ ಸಲ ತಣ್ಣಗಾದ ಮೇಲೂ ನೇರ ಆಗುವುದಿಲ್ಲ. ಸ್ಥಿರತೆಯ ಪ್ರಶ್ನೆ ಮತ್ತು ಇಂಧನದ ಪ್ರಶ್ನೆ ಒಂದೇ ಕಡೆ ಬಂದು ಸೇರಿದ್ದು ಇಲ್ಲಿ. ಇದಕ್ಕೆ ಬೇರೆ ಬಗೆಯ ಸ್ಟೀಲುಗಳನ್ನೇ ಹುಡುಕಬೇಕಾಯಿತು.

ಇಬಿಆರ್-2 ತನ್ನ ಸ್ಥಿರತೆಯನ್ನು ಅತ್ಯುತ್ತಮವಾಗಿ ತೋರಿಸಿಕೊಟ್ಟದ್ದು 1986ರ ಏಪ್ರಿಲ್ 3ರಂದು, ಚೆರ್ನೋಬಿಲ್ ದುರಂತಕ್ಕೆ ಮೂರು ವಾರ ಮೊದಲು. ಪೂರ್ತಿ ಶಕ್ತಿಯಲ್ಲಿ ಓಡುತ್ತಿದ್ದ ರಿಯಾಕ್ಟರಿನ ಪಂಪುಗಳನ್ನು ಬೇಕೆಂದೇ ಆಫ್ ಮಾಡಿದರು. ಕಂಟ್ರೋಲ್ ರಾಡುಗಳನ್ನು ಮುಟ್ಟಲಿಲ್ಲ. ಹೊರಬರುವ ಸೋಡಿಯಂ ಸುಮಾರು 700 ಡಿಗ್ರಿಗೆ ಏರಿತು. ಸೋಡಿಯಂ ಕುದಿಯುವುದು 883ಕ್ಕೆ. ಕೋರ್ ಹಿಗ್ಗಿತು, ಸೋರಿಕೆ ಹೆಚ್ಚಿತು, ಶಕ್ತಿ ತಾನಾಗಿ ಕುಸಿಯಿತು, ಕೆಲವು ನಿಮಿಷದಲ್ಲಿ ಉಷ್ಣತೆ ಇಳಿದು ನಿಂತಿತು. ಅದೇ ದಿನ ಮತ್ತೆ ಚಾಲೂ ಮಾಡಿ, ಶಾಖ ಹೊರಹೋಗುವ ದಾರಿಯನ್ನು ಮುಚ್ಚಿ ನೋಡಿದರು. ಆಗಲೂ ತಾನಾಗಿ ತಣ್ಣಗಾಯಿತು. ಇಂಧನಕ್ಕೆ ಏನೂ ಆಗಲಿಲ್ಲ.

ಇದರಲ್ಲಿ ಲೋಹದ ಇಂಧನದ ಪಾಲು ದೊಡ್ಡದು. ಆಕ್ಸೈಡ್ 2,800 ಡಿಗ್ರಿಯ ಸುಮಾರಿನವರೆಗೆ ಕರಗುವುದಿಲ್ಲ, ಆದರೆ ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ಕಡ್ಡಿಯ ನಡುವೆ 2,000 ಡಿಗ್ರಿ ದಾಟಿರುತ್ತದೆ. ಇಂಧನ ಬಿಸಿಯಾದಷ್ಟೂ ಯುರೇನಿಯಂ-238 ಹೆಚ್ಚು ನ್ಯೂಟ್ರಾನುಗಳನ್ನು ಹೀರುತ್ತದೆ. ಶಕ್ತಿ ಹಠಾತ್ತಾಗಿ ಏರುವಾಗ ಇದು ದೇವರಂತೆ ಕಾಯುತ್ತದೆ. ಆದರೆ ಶಕ್ತಿ ಇಳಿಯುವಾಗ ಇದೇ ಉಲ್ಟಾ: ಬಿಸಿ ಇಂಧನ ತಣ್ಣಗಾದಂತೆ ಹೀರುವುದು ಕಡಿಮೆಯಾಗಿ, ಶಕ್ತಿಯನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಲೋಹದ ಕಡ್ಡಿ ಮೊದಲೇ ಅಷ್ಟು ಬಿಸಿ ಇರುವುದಿಲ್ಲ, ಹಾಗಾಗಿ ಈ ಹಿಂದೆಳೆತವೂ ಚಿಕ್ಕದು. ಪಂಪು ನಿಂತಾಗ ಯಾವುದು ಒಳ್ಳೆಯದು ಎಂದು ಕೇಳಿದರೆ ನಾನು ಲೋಹದ ಪರ.

ನಮ್ಮ ದೇಶದ ದಾರಿ ಮೂರನೆಯದು: ಲೋಹವೂ ಅಲ್ಲ, ಆಕ್ಸೈಡೂ ಅಲ್ಲ, ಇಂಗಾಲ ಸೇರಿದ ಕಾರ್ಬೈಡ್. ಕಲ್ಪಾಕ್ಕಂನ ಎಫ್‌ಬಿಟಿಆರ್ (ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರ್) ಅನ್ನು ಫ್ರಾನ್ಸಿನ ರಾಪ್ಸೊಡಿ ಮಾದರಿಯಲ್ಲಿ ಕಟ್ಟಿದ್ದು. ಅದಕ್ಕೆ ಬೇಕಾಗಿದ್ದ ಸಂವರ್ಧಿತ ಯುರೇನಿಯಂ 1974ರ ಪೋಖ್ರಾನ್ ಪರೀಕ್ಷೆಯ ನಂತರ ಸಿಗದಾಯಿತು. ಆ ಪರೀಕ್ಷೆಯ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1985ರ ಅಕ್ಟೋಬರ್ 18ರಂದು ಎಫ್‌ಬಿಟಿಆರ್ ಮೊದಲ ಬಾರಿ ಕ್ರಿಟಿಕಲ್ ಆದಾಗ, ಅಂದರೆ ಅದರ ಸರಪಳಿ ತಾನಾಗಿ ನಡೆಯತೊಡಗಿದಾಗ, ಅಣುಶಕ್ತಿ ಆಯೋಗದ ಅಧ್ಯಕ್ಷರೂ ಅವರೇ. ಹೊರಗಿನ ಇಂಧನ ಇಲ್ಲದ್ದರಿಂದ ನಮ್ಮಲ್ಲಿದ್ದ ಪ್ಲುಟೋನಿಯಮ್ಮನ್ನೇ ಆಧರಿಸಿ ಶೇ 70 ಪ್ಲುಟೋನಿಯಂ ಕಾರ್ಬೈಡ್, ಶೇ 30 ಯುರೇನಿಯಂ ಕಾರ್ಬೈಡ್ ಬೆರೆಸಿದರು. ಇಂಥ ಇಂಧನದಿಂದ ಇಡೀ ರಿಯಾಕ್ಟರ್ ಓಡಿಸಿದ ಅನುಭವ ಯಾರಿಗೂ ಇರಲಿಲ್ಲ. ಹಾಗಾಗಿ ಚಿಕ್ಕ ಕೋರ್, ಕಡಿಮೆ ಶಕ್ತಿಯಿಂದ ಶುರುಮಾಡಿ, ಕಡ್ಡಿಗಳನ್ನು ತೆಗೆದು ಕತ್ತರಿಸಿ ನೋಡಿ, ಎಷ್ಟು ಉಬ್ಬಿದೆ, ಎಷ್ಟು ಜಾಗ ಉಳಿದಿದೆ ಎಂದು ಅಳೆದು, ಮಿತಿಯನ್ನು ಹಂತ ಹಂತವಾಗಿ ಏರಿಸಿದರು. ಒಂದು ಟನ್ ಇಂಧನದಿಂದ ತೆಗೆದ ಶಕ್ತಿ ಕೊನೆಗೆ 1,65,000 ಮೆಗಾವ್ಯಾಟ್-ದಿನ ಮುಟ್ಟಿತು. ಕೈಗಾದ ಸಹಜ ಯುರೇನಿಯಮ್ಮಿನಲ್ಲಿ ಇದು 7,000ದ ಸುಮಾರು. 2022ರಲ್ಲಿ ರಿಯಾಕ್ಟರ್ ತನ್ನ ಪೂರ್ತಿ ಸಾಮರ್ಥ್ಯವಾದ 40 ಮೆಗಾವ್ಯಾಟ್ ಶಾಖಕ್ಕೆ ಏರಿತು. ಮುಂದಿನ ತಲೆಮಾರಿನ ರಿಯಾಕ್ಟರುಗಳಿಗಾಗಿ ಸೋಡಿಯಂ ತುಂಬಿದ ಲೋಹದ ಇಂಧನದ ಕಡ್ಡಿಗಳನ್ನೂ ಅದರೊಳಗೇ ಇಟ್ಟು ಪರೀಕ್ಷಿಸಿದ್ದಾರೆ.